ಎತ್ತರದ ಗಾಡಿಯೇ ಇರಲಿ

ಬೈಲಹೊಂಗಲದ ಶೋರೂಮಿನಲ್ಲಿ ನನ್ನ ಮಗಳು ತಗ್ಗಾದ ಕ್ರೂಸರ್ ಬೈಕಿನ ಮೇಲೆ ಕುಳಿತು ಹ್ಯಾಂಡಲ್ ತಿರುಗಿಸಿದಳು. ಅದು ಅವಳ ಮೊಣಕಾಲಿಗೆ ಬಡಿಯಿತು. ಆರಡಿ ಎತ್ತರದ ಹುಡುಗಿ ಅವಳು. ಪಕ್ಕದಲ್ಲಿದ್ದ ಇನ್ನೊಂದು ಕ್ರೂಸರಿನ ಸೀಟು ಎತ್ತರ, ಕಾಲಿಡುವ ಜಾಗವೂ ಮುಂದಕ್ಕಿತ್ತು. ಅದನ್ನೇರಿ ಅವಳು ಆರಾಮವಾಗಿ ಕಾಲು ಚಾಚಿದಳು.

ಆದರೂ ನಾನು, "ತಗ್ಗಿಂದ ತಗೊಳವ್ವಾ, ಅದರ ಮ್ಯಾಲ ನೀ ಅಷ್ಟ ಎತ್ತರ ಕಾಣೂದಿಲ್ಲ" ಎಂದೆ.

ಅವಳು ಇಳಿಯಲಿಲ್ಲ. "ಯಾಕಪ್ಪಾ, ಈ ಗಾಡಿನೂ ನನ್ನ ಕನ್ಯಾ ನೋಡಾಕ ಬಂದೈತೇನ?" ಎಂದಳು. ಅಂಗಡಿಯವನು ನಗು ತಡೆಯಲಾಗದೆ ಆಚೆ ತಿರುಗಿದ.

ನನಗೆ ನಗು ಬರಲಿಲ್ಲ. ಕನ್ಯೆ ನೋಡಲು ಬಂದವರಿಗೆ ಹುಡುಗಿಯೇ ಚಹಾ ತಂದುಕೊಡುವುದು ನಮ್ಮ ಕಡೆಯ ರೂಢಿ. ನಮ್ಮ ಮನೆಯಲ್ಲಿ ಮಾತ್ರ ಅವರು ಬರುವ ಮೊದಲೇ ಇವಳನ್ನು ಚಾಪೆಯ ಮೇಲೆ ಕೂರಿಸಿ, ಚಹಾ ನಾನೇ ತರುತ್ತಿದ್ದೆ. ಅವರಲ್ಲಿ ಯಾರಾದರೂ "ಒಂಚೂರು ಎದ್ದ ನಿಲ್ಲವಾ" ಅನ್ನುತ್ತಿದ್ದರು. ಅವಳು ಎದ್ದಳೆಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು ಹೋದ ಮೇಲೆ ನಾನು ಅವರನ್ನಲ್ಲ, ಇವಳ ಎತ್ತರವನ್ನೇ ಬೈಯುತ್ತಿದ್ದೆ. ಅದೂ ಅವಳ ಎದುರಿನಲ್ಲೇ.

"ಎತ್ತರದ್ದ ಇರಲಿ" ಎಂದಳು ಮಗಳು. ಈ ಸಲ ನಾನು ಬೇಡ ಅನ್ನಲಿಲ್ಲ. ಅವಳ ಹಿಂದೆ ಕುಳಿತು ಊರ ಪೇಟೆಯ ನಡುವೆಯೇ ಮನೆಗೆ ಬಂದೆ.

ಇಷ್ಟು ದೊಡ್ಡ ಗಾಡಿ ಏರಿದವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಸಂಪಗಾಂವದ ನಮ್ಮ ನೆಂಟರು ಕೇಳಿದರು. ಒಲ್ಲದವರು ಬರುವುದೇ ಬೇಡ ಎಂದೆ. ಮಗಳನ್ನು ಗಿಡ್ಡ ಮಾಡಿ ತೋರಿಸುವ ಕೆಲಸವನ್ನು ನಾನು ಬಿಟ್ಟಿದ್ದೇನೆ.