ಮೈದುನನ ಮಿರ್ಚಿ ಅಂಗಡಿ

ನನ್ನ ಮೈದುನನನ್ನು ನಾನು ಎಂದೂ ಇಷ್ಟಪಟ್ಟವಳಲ್ಲ. ಅವನು ಸೈನ್ಯದಿಂದ ಎಡಗಾಲು ಕಳೆದುಕೊಂಡು ಬಂದ ಮೇಲೂ ಇಷ್ಟಪಡಲಿಲ್ಲ. ಇದನ್ನು ಓದಿದವರು ಮುಖ ಗಂಟಿಕ್ಕುತ್ತಾರೆಂದು ಗೊತ್ತು. ಗಂಟಿಕ್ಕಲಿ.

ನಾನು ಮದುವೆಯಾಗಿ ಬೈರಿದೇವರಕೊಪ್ಪದ ಆ ಮನೆಗೆ ಬಂದಾಗಿನಿಂದ, ತೊಂಬತ್ತರ ದಶಕದುದ್ದಕ್ಕೂ, ಅವನು ಪ್ರತಿ ರಜೆಗೂ ಬಂದು ಪಡಸಾಲೆಯಲ್ಲಿ ಕೂತು ನನ್ನ ಅಡುಗೆಯಲ್ಲಿ ಕೊಂಕು ಹುಡುಕಿದವನು. ಒಲೆಯ ಮೇಲಿನ ಪಾತ್ರೆ ಇಳಿಸುವ ಮೊದಲೇ ಅಲ್ಲಿಂದ ಕೂಗುತ್ತಿದ್ದ: "ವೈನಿ, ಬಳ್ಳೊಳ್ಳಿ ಹೊತ್ತೈತ್ರಿ. ನಮ್ಮ ಪಲ್ಟನ್ನಿನ ಅಡಗಿಯವರು ಇದಕ್ಕಿಂತ ಛಲೋ ಮಾಡ್ತಾರ." ಬೆಳ್ಳುಳ್ಳಿ ಹೊತ್ತಿರುತ್ತಿದ್ದುದೂ ನಿಜ, ಅದೇ ನನಗೆ ಮೈಯೆಲ್ಲ ಉರಿಸುತ್ತಿದ್ದುದು. ನಮ್ಮ ಮನೆಯವರು, ಅಂದರೆ ಅವನ ಅಣ್ಣ, ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದರು.

ಎರಡು ಸಾವಿರದ ಆಸುಪಾಸಿನಲ್ಲಿ ಗಡಿಯಲ್ಲಿ ನೆಲಬಾಂಬು ಸಿಡಿದು ಅವನ ಕಾಲು ಹೋಯಿತು. ಊರುಗೋಲು ಹಿಡಿದು ಮನೆಗೆ ಬಂದವನಿಗೆ ಎಲ್ಲರೂ ಎಸ್‌ಟಿಡಿ ಬೂತ್ ಹಾಕು ಎಂದರು. ಆಗ ಕಾಲಿಲ್ಲದವರಿಗೆಲ್ಲ ಅದೇ ಉಪದೇಶ. "ಗಾಜಿನ ಪೆಟಗ್ಯಾಗ ಕುಂತು ಮಂದಿ ಮಾತ ಕೇಳಾಂವ ನಾ ಅಲ್ಲ" ಎಂದ. ಮಿರ್ಚಿ ಭಜಿ, ಚುರುಮುರಿ ಕಲಸಿದ ಗಿರಮಿಟ್ ಮಾರುತ್ತೇನೆಂದ. ತಾನು ಮಾಡಿದ್ದನ್ನು ಮಂದಿ ಬಯಸಿ ಬಂದು ತಿನ್ನಬೇಕು, ಕಾಲು ನೋಡಿ ಅಲ್ಲ ಎಂಬುದು ಅವನ ಹಟ. ಹಟದಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಅದನ್ನು ಹೇಳುವಾಗಲೂ ನನಗೆ ಆಜ್ಞೆ ಮಾಡುವ ದನಿಯಲ್ಲೇ ಹೇಳಿದ.

ಧಾರವಾಡ ರಸ್ತೆಯ ಬಸ್ ಸ್ಟಾಪಿನ ಮಗ್ಗುಲಲ್ಲಿ ತಗಡಿನ ಅಂಗಡಿ ಎದ್ದಿತು. ನಮ್ಮ ಓಣಿಯ ಹಿರಿಯರೊಬ್ಬರು ಬಂದು ಶಾಲು ಹೊದಿಸಿ, ವೀರಯೋಧ ಎಂದೆಲ್ಲ ಭಾಷಣ ಬಿಗಿದರು. ನನ್ನ ಪಾಲಿಗೆ ಬಂದದ್ದು ದುಡಿತ. ಕಡಲೆಹಿಟ್ಟು ಕಲಸುವುದು, ಚುರುಮುರಿಗೆ ಹಾಕುವ ಹುಣಸೆ ಗೊಜ್ಜು ಕುದಿಸುವುದು ಇವನ್ನೆಲ್ಲ ಅವನಿಗೆ ಕಲಿಸಿದೆ. ಕಲಿಸಿದಷ್ಟೂ ದಿನ ಇಬ್ಬರೂ ಕಚ್ಚಾಡಿದೆವು.

ಮೊದಮೊದಲು ಅಂಗಡಿಯ ಮುಂದೆ ಗದ್ದಲವೋ ಗದ್ದಲ. ಬಂದವರೆಲ್ಲ "ಭಾಳ ಛಲೋ ಆಗೈತಪಾ" ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಆದರೆ ಯಾರೂ ಎರಡನೆಯ ಮಿರ್ಚಿ ಕೇಳುತ್ತಿರಲಿಲ್ಲ. ನಮ್ಮ ಕಡೆ ಒಂದೇ ಮಿರ್ಚಿ ತಿಂದು ಎದ್ದು ಹೋಗುವವರು ಯಾರಿದ್ದಾರೆ? ಒಂದು ಸಂಜೆ ಹಿಟ್ಟಿನ ಡಬ್ಬಿ ಹೊತ್ತು ಹೋಗುತ್ತಿದ್ದಾಗ ಆ ಹಿರಿಯರನ್ನೇ ಕಂಡೆ. ಬೇಲಿಯ ಮರೆಗೆ ಹೋಗಿ, ಅತ್ತಿತ್ತ ನೋಡಿ, ಗಿರಮಿಟ್ಟಿನ ಪೊಟ್ಟಣವನ್ನು ಹಾಗೇ ಬಿಸಾಕಿದರು. ಅಲ್ಲಿ ಅಂಥ ಪೊಟ್ಟಣಗಳ ಗುಡ್ಡೆಯೇ ಇತ್ತು.

ಅವರು ಒಗೆದದ್ದನ್ನು ಎತ್ತಿಕೊಂಡು ಹೋಗಿ ಮೈದುನನ ಮುಂದೆ ಬಿಚ್ಚಿದೆ. ಹಳಸಿದ ಗೊಜ್ಜು, ಕಮಟು ಎಣ್ಣೆಯ ನಾತ ಗಪ್ಪೆಂದು ಎದ್ದಿತು.

"ನಿನ್ನ ಶಾಲಿನ ಸಾಹೇಬ್ರು ಬೇಲ್ಯಾಗ ಒಗದಾರ. ತಿಂದು ನೋಡು."

ಅವನು ಒಂದು ಮುಕ್ಕು ಬಾಯಿಗೆ ಹಾಕಿಕೊಂಡ. ಇನ್ನೊಂದು ಹಾಕಿಕೊಂಡ. ಮುಖ ಕಿವುಚಲೂ ಇಲ್ಲ. "ಉಪ್ಪು, ಖಾರ ಬರೋಬ್ಬರಿ ಐತಿ. ಏನಾಗೈತಿ ಇದಕ್ಕ?" ಎಂದ.

ಪಡಸಾಲೆಯಿಂದಲೇ ಹೊತ್ತ ಬಳ್ಳೊಳ್ಳಿ ಹಿಡಿಯುತ್ತಿದ್ದ ಮನುಷ್ಯ! ಕಾಲು ಹೋದ ಮೇಲೆ ಅವನು ನನ್ನ ಅಡುಗೆಗೆ ಒಂದು ಮಾತೂ ಅಂದಿರಲಿಲ್ಲ. ಸೊಕ್ಕು ಇಳಿದಿದೆ ಎಂದು ನಾನು ಒಳಗೊಳಗೇ ಖುಷಿಪಟ್ಟಿದ್ದೆ.

"ನಿನಗ ವಾಸನಿ ಬರಂಗಿಲ್ಲೇನು?" ಎಂದೆ.

ಅವನು ಪೊಟ್ಟಣವನ್ನು ಮುದುಡಿ ಪಕ್ಕಕ್ಕಿಟ್ಟ. "ತಲಿಗೂ ಪೆಟ್ಟು ಬಿದ್ದಿತ್ರಿ. ಮೂಗು ಸತ್ತು ಹೋತು, ತಿರುಗಿ ಬರಂಗಿಲ್ಲ ಅಂದ್ರು ಡಾಕ್ಟರು. ಮಂದಿಗೆ ಗೊತ್ತಾದ್ರ ನನ್ನ ಅಂಗಡಿಗೆ ಯಾರು ಬರ್ತಾರ? ಅಣ್ಣಗ ಹೇಳಿದ್ರ ಅಳ್ಕೋತ ಕುಂಡ್ರತಾನ. ನೀವ ಬಂದು ಮೂಸಿ ನೋಡ್ರಿ. ನಿಮಗ ನನ್ನ ಕಂಡ್ರ ಆಗಂಗಿಲ್ಲ. ಖರೇ ಹೇಳ್ತೀರಿ."

ನನಗೆ ಅಷ್ಟು ಮನಸ್ಸಿಗೊಪ್ಪುವ ಕೆಲಸ ಯಾರೂ ಕೊಟ್ಟಿರಲಿಲ್ಲ. ದಿನಾ ನಾಲ್ಕರ ಸುಮಾರಿಗೆ ಹೋಗಿ ಬಾಣಲೆ, ಗೊಜ್ಜು, ಹಿಟ್ಟು ಮೂಸಿ ನೋಡುತ್ತಿದ್ದೆ, ಕೆಟ್ಟಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಹತ್ತು ವರ್ಷದ ಸಿಟ್ಟಿತ್ತು, ಮಾತಿಗೆ ಬರವಿರಲಿಲ್ಲ. ಒಮ್ಮೆ ಪಾತ್ರೆ ತುಂಬ ಗೊಜ್ಜನ್ನು ಗಟಾರಕ್ಕೆ ಸುರಿದೆ. ಅವನೂ ಬಿಡುತ್ತಿರಲಿಲ್ಲ, "ಹುಳಿ ಮೂತಿ" ಎಂದು ನನಗೇ ಅನ್ನುತ್ತಿದ್ದ. ಆದರೆ ನಾನು ಬೇಡವೆಂದದ್ದನ್ನು ಚೆಲ್ಲುತ್ತಿದ್ದ.

ಓಣಿಗೆ ಕಂಡದ್ದು ನನ್ನ ಬಾಯಿ ಮಾತ್ರ. ನಲ್ಲಿಯ ಹತ್ತಿರ ಹೆಂಗಸರು ನನಗೆ ಕೇಳುವಂತೆಯೇ ಆಡಿಕೊಂಡರು: "ದೇಶಕ್ಕ ಕಾಲು ಕೊಟ್ಟು ಬಂದಾನ, ಆಕಿ ನೋಡ್ರಿ, ನಾಯಿಗೆ ಬೈದಂಗ ಬೈತಾಳ." ಕೊನೆಗೆ ಆ ಹಿರಿಯರು ಮನೆಗೇ ಬಂದು ಕೂತರು. ನಮ್ಮ ಮನೆಯವರು ನನ್ನ ಮುಖ ನೋಡದೆ, "ನಾಳಿಂದ ನೀ ಅಂಗಡಿಗೆ ಹೋಗಬ್ಯಾಡ" ಎಂದರು. ಮೈದುನ ಅಲ್ಲೇ ಕೂತಿದ್ದ, ತುಟಿ ಬಿಚ್ಚಲಿಲ್ಲ. ಅವತ್ತು ಅವನನ್ನು ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ. ಕೊಳೆಯಲಿ ಅವನ ಗೊಜ್ಜು ಎಂದುಕೊಂಡು ಮನೆಯಲ್ಲೇ ಉಳಿದೆ.

ಕೆಲವು ದಿನ ಬಿಟ್ಟು, ಅವನಿಗೆ ಕೊಟ್ಟಿದ್ದ ನನ್ನ ದೊಡ್ಡ ಪಾತ್ರೆಯನ್ನು ವಾಪಸು ತರಲು ಹೋದೆ. ಐದಾರು ಮಂದಿ ನಿಂತಿದ್ದರು. ಮಿರ್ಚಿ ತಟ್ಟೆ ಹಿಡಿದಿದ್ದ ಹಿರಿಯರು ನನ್ನನ್ನು ಕಂಡು ಅಡ್ಡ ಬಂದರು.

"ಮತ್ತ ಬೈಯಾಕ ಬಂದ್ರೇನ್ರಿ? ಸ್ವಲ್ಪರ ನಾಚಿಕಿ ಇರಬೇಕ್ರಿ."

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಆಡಿದ್ದರೆ ಎಲ್ಲರ ಬಾಯೂ ಮುಚ್ಚುತ್ತಿತ್ತು, ಅವನ ಅಂಗಡಿಯೂ ಮುಚ್ಚುತ್ತಿತ್ತು. ಮೈದುನನ ಕಡೆ ನೋಡಿದೆ.

"ವೈನಿಗೆ ಏನೂ ಅನಬ್ಯಾಡ್ರಿ," ಎಂದ ಅವನು. "ನನಗ ವಾಸನಿ ತಿಳಿಯಂಗಿಲ್ಲ. ಕಾಲಿನ ಜೋಡಿ ಅದೂ ಹೋಗೈತಿ. ಎಣ್ಣಿ ಕೆಟ್ಟೈತೋ ಇಲ್ಲೋ ಅವರ ಹೇಳಬೇಕು. ನೀವೆಲ್ಲಾ ಛಲೋ ಐತಿ ಅಂತ ಸುಳ್ಳು ಹೇಳಿ ಹೋಗ್ತೀರಿ."

ಹಿರಿಯರು ಕೈಯಲ್ಲಿದ್ದ ಮಿರ್ಚಿ ನೋಡಿಕೊಂಡರು. "ಛೇ ಛೇ, ಹಂಗೇನಿಲ್ಲಪಾ. ಭಾಳ ರುಚಿ ಐತಿ." ಎಲ್ಲರೂ ನನ್ನ ಕಡೆ ತಿರುಗಿದರು. ಒಳ್ಳೆಯ ಹೆಂಗಸಾಗಿದ್ದರೆ ಹೌದು ಎಂದು ಬಿಡುತ್ತಿದ್ದಳು. ನಾನು ಬಾಣಲೆಯ ಹತ್ತಿರ ಹೋಗಿ ಮೂಸಿದೆ.

"ಎಣ್ಣಿ ಕಮಟಾಗೈತಿ. ಇದರಾಗ ಕರದದ್ದು ಯಾರೂ ತಿನ್ನಬ್ಯಾಡ್ರಿ."

ಮೈದುನನ ಕಿವಿ ಕೆಂಪಾದವು. ಕೈಯಲ್ಲಿದ್ದ, ಮಿರ್ಚಿ ಎತ್ತುವ ಝಾರಿಯಿಂದ ನನಗೆ ಹೊಡೆಯುತ್ತಾನೆಂದೇ ಎಣಿಸಿದೆ. ಅವನು ಒಲೆ ಆರಿಸಿ ಬಾಣಲೆಯನ್ನು ಪಕ್ಕಕ್ಕೆ ಸರಿಸಿದ. ಎಲ್ಲರ ತಟ್ಟೆಗಳನ್ನೂ, ಹಿರಿಯರ ಕೈಯಲ್ಲಿದ್ದದ್ದನ್ನೂ ಕಸಿದುಕೊಂಡ. ಬೇರೆ ಬಾಣಲೆ ಇಟ್ಟು ಹೊಸ ಎಣ್ಣೆ ಸುರಿದ.

"ನಿಲ್ಲೋರು ನಿಲ್ರಿ, ಹೋಗೋರು ಹೋಗ್ರಿ."

ಹಿರಿಯರು ಹೋದರು, ಅವರ ಹಿಂದೆ ಇನ್ನೂ ಕೆಲವರು ಹೋದರು. ಗೋಪನಕೊಪ್ಪದ ಕಡೆ ಹೋಗುವವನೊಬ್ಬ, ಬಗಲಲ್ಲಿ ಚೀಲ, ರಸ್ತೆ ನೋಡುತ್ತ ಚಡಪಡಿಸುತ್ತಿದ್ದ. "ಎಷ್ಟೊತ್ತು ನಿಲ್ಲಬೇಕ್ರಿ? ಕೆಟ್ಟ ಎಣ್ಣ್ಯಾಗ ಕರದದ್ದು ನಿಮ್ಮ ತಪ್ಪು. ಲಗೂ ಮಾಡ್ರಿ, ನನ್ನ ಬಸ್ ಬರೋ ಹೊತ್ತಾತು" ಎಂದು ಹರಿಹಾಯ್ದ. ಅಂಗಡಿ ತೆರೆದಾಗಿನಿಂದ ನನ್ನನ್ನು ಬಿಟ್ಟು ಯಾರೂ ಅವನ ಜೊತೆ ಹಾಗೆ ಮಾತಾಡಿರಲಿಲ್ಲ.

"ಗಡಿಬಿಡಿ ಇದ್ರ ಮನಿಗೆ ಹೋಗಿ ಮಾಡ್ಕೊಂಡು ತಿನ್ರಿ" ಎಂದ ಮೈದುನ, ಎಣ್ಣೆಗೆ ಮಿರ್ಚಿ ಬಿಡುತ್ತ. ನನ್ನ ಕಡೆ ನೋಡದೆಯೇ ಕೇಳಿದ: "ಹೆಂಗೈತಿ?"

"ಹಿಟ್ಟು ತೆಳ್ಳಗಾಗೈತಿ. ವಾಸನಿ ಅಡ್ಡಿಯಿಲ್ಲ."

ಬಸ್ಸು ಬಂದು ನಿಂತು, ಹಾರ್ನ್ ಹೊಡೆದು ಹೋಯಿತು. ಗೋಪನಕೊಪ್ಪದವನು ಅದು ಹೋಗುವುದನ್ನು ನೋಡಿ ಬೈಯುತ್ತಲೇ ಖಾಲಿ ತಟ್ಟೆಯೊಂದನ್ನು ಎತ್ತಿ ಮುಂದೆ ಹಿಡಿದ.