ಸಿಂಪಿಯೂ ನನ್ನ ತಾಟೂ

ಇವತ್ತು ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿದೆ, ತಳ ಹಿಡಿಯಿತು, ಸಿಂಪಿಯಿಂದ, ಅಂದರೆ ಕಪ್ಪೆಚಿಪ್ಪಿನಿಂದ, ಕೆರೆದೆ. ನಮ್ಮನೆಯವರಿಗೆ ಬುತ್ತಿ ಕಟ್ಟಿ ಔರಾದ ಬಸ್ಸಿಗೆ ಕಳಿಸಿದೆ. ದವಾಖಾನೆಗೆ ಹೋಗಿ ಸಣ್ಣ ಡಬ್ಬಿಯಲ್ಲಿ ಕಫ ಕೊಟ್ಟು ಬಂದೆ. ಬರುವಾಗ ಪುಂಡಿಪಲ್ಯದ ಸೊಪ್ಪು ತಂದು ಎಲೆ ಬಿಡಿಸಿದೆ. ಆಮೇಲೆ ನನ್ನ ತಾಟು, ಲೋಟ ಎರಡನ್ನೂ ಅಡುಗೆಮನೆಯಿಂದ ತೆಗೆದು ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿಟ್ಟೆ. ಈ ಕೊನೆಯದನ್ನು ಯಾರಿಗೂ ಹೇಳಲಿಲ್ಲ.

ಮೂರು ವಾರದಿಂದ ಕೆಮ್ಮು. ಕ್ಷಯ ಇರಬಹುದು, ಇಲ್ಲದಿರಬಹುದು, ಸೋಮವಾರ ಗೊತ್ತಾಗುತ್ತದೆ. ಇನ್ನೂ ಮೂರು ದಿನ. ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ, ಹಾಗಾಗಿ ಸಿಂಪಿಯ ಬಗ್ಗೆ ಯೋಚಿಸುತ್ತಿದ್ದೇನೆ.

ಸಿಂಪಿ ಅಂದರೆ ನನ್ನ ಪಾಲಿಗೆ ಚಮಚದ ತಂಗಿ. ಹಾಲಿನ ಪಾತ್ರೆ ಕೆರೆಯಲು ಅಷ್ಟು ಹಿತವಾದ ಅಂಚು ಯಾವ ಸ್ಟೀಲಿಗೂ ಇಲ್ಲ. ಅದರೊಳಗೆ ಒಂದು ಕಾಲಕ್ಕೆ ಯಾರೋ ಸಂಸಾರ ಹೂಡಿದ್ದರೆಂದು ಐವತ್ತು ವರ್ಷ ನನಗೆ ಹೊಳೆದೇ ಇರಲಿಲ್ಲ. ಹೊಳೆಯಿಸಿದವಳು ಮಗಳು ಶೋಭಾ. ಸಮುದ್ರ ಕಾಣದ ಬೀದರಿನಲ್ಲಿ ಕುಳಿತು ಮೀನು, ಸೀಗಡಿ, ಸಿಂಪಿಗಳ ರೋಗ ಓದುತ್ತಾಳೆ. ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತು ಪಾಠ ಒಪ್ಪಿಸುತ್ತಾಳೆ.

ಹಿಂದೆ ಬಂದ ರೋಗದ ಗುರುತು ಹಿಡಿದು, ಅದಕ್ಕೆಂದೇ ಮದ್ದು ಮಾಡಿಟ್ಟುಕೊಳ್ಳುವ ನಮ್ಮಂಥ ರಕ್ತ ಸಿಂಪಿಗಿಲ್ಲವಂತೆ. ಮೈಯೆಲ್ಲ ತಿರುಗುವ ಕೆಲವು ಜೀವಕಣಗಳಿವೆ. ರೋಗಾಣು ಬಂದರೆ ಅವು ನುಂಗುತ್ತವೆ. ನುಂಗಿದ್ದು ಸಾಯದೆ ಒಳಗೇ ಬೆಳೆಯತೊಡಗಿದರೆ ಎಷ್ಟೋ ಸಲ ಆ ಕಣ ತನ್ನ ಸಾವನ್ನು ತಾನೇ ಶುರುಮಾಡುತ್ತದೆ. ಒಡೆದು ಚೆಲ್ಲಾಡುವುದಿಲ್ಲ. ಕುಗ್ಗಿ, ತನ್ನನ್ನೇ ಸಣ್ಣ ಸಣ್ಣ ಗಂಟುಗಳಾಗಿ ಕಟ್ಟಿಕೊಳ್ಳುತ್ತದೆ. ಆ ಗಂಟುಗಳನ್ನು ಪಕ್ಕದ ಕಣಗಳು ತಿಂದು ಮುಗಿಸುತ್ತವೆ. ರೋಗಾಣುವಿಗೆ ಇರಲು ಮನೆಯೇ ಇಲ್ಲದಂತಾಗುತ್ತದೆ.

"ಅದಕ್ಕ ಸಾಯಿ ಅಂತ ಯಾರ ಹೇಳ್ತಾರ?" ಎಂದು ಕೇಳಿದ್ದೆ.

"ಎರಡು ದಾರಿ ಅದಾವ ಅವ್ವಾ. ಒಂದು ಒಳಗಿಂದೇ ಹುಟ್ಟತದ. ಇನ್ನೊಂದು ಹೊರಗಿಂದ ಬರ್ತದ, ಬ್ಯಾರೆ ಕಣ ಹೇಳಿ ಕಳಸ್ತಾವ."

ಅವತ್ತು ಒಂದು ರೊಟ್ಟಿ ಸೀದಿತು.

ನನಗೆ ನೆನಪಾದವಳು ಭಾತಂಬ್ರಾದ ದೊಡ್ಡವ್ವ, ದೊಡ್ಡಪ್ಪನ ಹೆಂಡತಿ. ನಾನು ಸಣ್ಣವಳಿದ್ದಾಗ ಆ ಊರಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಕ್ಷಯ ಹಿಡಿದಾಗ ಅವಳು ಹಾಸಿಗೆ ಸುತ್ತಿಕೊಂಡು ದನದ ಕೊಟ್ಟಿಗೆಗೆ ಹೋದಳು. ಮಕ್ಕಳಿರುವ ಮನೆಯೆಂದು ತಾನೇ ಹೋದಳು ಅಂತ ಮನೆಯವರು ಈಗಲೂ ಹೊಗಳುತ್ತಾರೆ. ನಾನು ರೊಟ್ಟಿ ಒಯ್ದು ಹೊಸ್ತಿಲಲ್ಲಿಟ್ಟು ಓಡುತ್ತಿದ್ದೆ. "ಇವತ್ತ ಸಾಲ್ಯಾಗ ಏನ ಕಲಿಸಿದರ?" ಎಂದು ಒಳಗಿನಿಂದ ಕೇಳುತ್ತಿದ್ದಳು. ಉತ್ತರ ಹೇಳಲು ನಾನು ಒಂದು ದಿನವೂ ನಿಲ್ಲಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡಳು. ನಮಗ್ಯಾರಿಗೂ ಕೆಮ್ಮು ಬರಲಿಲ್ಲ.

ಆದರೆ ಅವಳು ಕೊಟ್ಟಿಗೆಗೆ ಹೋಗುವ ಹಿಂದಿನ ದಿನ ಅವಳ ತಾಟು ಹಿತ್ತಲ ಗೂಡಿನಲ್ಲಿತ್ತು. ಇಟ್ಟವಳು ನನ್ನವ್ವ. ದೊಡ್ಡವ್ವ ತಾಟು ನೋಡಿದಳು, ಅದರಲ್ಲೇ ಉಂಡಳು, ಬೆಳಿಗ್ಗೆ ಹಾಸಿಗೆ ಸುತ್ತಿದಳು. ಕ್ಷಯಕ್ಕೆ ಆಗಲೂ ಗುಳಿಗೆಗಳಿದ್ದವು. ಭಾಲ್ಕಿಯ ದವಾಖಾನೆಯವರೆಗೆ ಕರೆದೊಯ್ಯಬೇಕಿತ್ತು, ಅಷ್ಟೇ. ಅದಕ್ಕಿಂತ ಹೊಗಳುವುದು ಸುಲಭವಾಯಿತು.

ಸಂಜೆ ಕಾಲೇಜಿನಿಂದ ಬಂದ ಶೋಭಾ ಗೂಡಿನ ಮುಂದೆ ನಿಂತಳು.

"ಇದನ್ನ ಇಲ್ಲಿ ಯಾರ ಇಟ್ಟಾರ?"

"ನಾನೇ."

"ಸಿಂಪಿ ಆಗಾಕ ಹೊಂಟೀ ಏನು? ಅದಕ್ಕ ದವಾಖಾನಿ ಇಲ್ಲ, ಗುಳಗಿ ಇಲ್ಲ, ಏನ್ ಮಾಡ್ತದ ಪಾಪ. ಕಣ ಭಾಳ ಸತ್ತರ ಸಿಂಪೀನೇ ಸಾಯ್ತದ ಅಂತನೂ ಹೇಳಿದ್ದೆ. ಅದೊಂದು ಮರತಿ. ತಾಟಿನಿಂದ ಬರೂದಿಲ್ಲವ್ವಾ ಕ್ಷಯ, ಗಾಳಿಯಿಂದ ಬರ್ತದ. ಬಾಯಿಗಿ ಬಟ್ಟಿ ಕಟ್ಕೋ, ಕಿಟಕಿ ತಗಿ, ತಾಟು ಒಳಗ ಇಡು."

ನಾನು ಪಾಠವನ್ನು ಅರ್ಧವೇ ಕೇಳುವವಳು, ರೊಟ್ಟಿ ಸೀಯುವ ತನಕ. ತಾಟು ಒಳಗಿಟ್ಟೆ.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಕಿಟಕಿಯ ಪಕ್ಕ ಕುಳಿತು ನನ್ನ ತಾಟಿನಲ್ಲೇ ಉಂಡೆ. ಉಂಡು ಬಾಯಿಗೆ ಬಟ್ಟೆ ಕಟ್ಟಿಕೊಂಡು, "ಇವತ್ತ ಕಾಲೇಜಿನ್ಯಾಗ ಏನ ಕಲಿಸಿದರ?" ಎಂದು ಕೇಳಿದೆ. ಮಗಳು ನಿಂತಳು, ಪೂರ್ತಿ ಹೇಳಿದಳು. ಅವಳು ಮುಗಿಸುವಷ್ಟರಲ್ಲಿ ಕೆಲಸದಿಂದ ಮರಳಿದ್ದ ನಮ್ಮನೆಯವರಿಗೆ ನಿದ್ದೆ ಹತ್ತಿತ್ತು. ಆಮೇಲೆ ಅವಳು ಮಲಗಿದಳು. ನನಗೆ ಸೋಮವಾರ ಇನ್ನೂ ದೂರವಿತ್ತು.