ಗಂಗೆ ಬಂದಾಗ ಬಾಯಿ ಮುಚ್ಚಿದ ಪೆದ್ದಪ್ಪ

ತೋಡಿದ ಮಣ್ಣನ್ನು ಗುಂಡಿಯ ಅಂಚಿಗೇ ರಾಶಿ ಹಾಕಿದರೆ ಅದು ಮತ್ತೆ ಗುಂಡಿಗೇ ಬೀಳುತ್ತದೆ. ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ, ಕಣ್ಣಿದ್ದರೆ ಸಾಕು. ಆದರೂ ನಮ್ಮ ಕಡೆ ಬಾವಿ ತೋಡುವಾಗ ಮಾಡುವುದು ಅದನ್ನೇ. ಸಾಲದೆಂದು, "ನೀರು ಬಿತ್ತು" ಎಂಬ ಕೂಗು ಕೇಳಿದೊಡನೆ ಊರಿಗೂರೇ ಓಡಿಬಂದು ಆ ರಾಶಿ ಹತ್ತಿ ಬಗ್ಗುತ್ತದೆ, ಗಂಗಮ್ಮನಿಗೆ ಕಾಯಿ ಒಡೆಯುತ್ತದೆ. ಕೆಳಗೆ ಮನುಷ್ಯರಿದ್ದಾರೆಂಬುದು ಯಾರಿಗೆ ನೆನಪು?

ಬೈರಕೂರಿನ ಬಾವಿ ಮೇಸ್ತ್ರಿ ಪೆದ್ದಪ್ಪನಿಗೆ ನೆನಪಿತ್ತು. ೧೯೭೪ರಲ್ಲಿ ಅಂಥದೇ ಸಂಭ್ರಮದಲ್ಲಿ ಜಾರಿದ ಮಣ್ಣು ಅವನ ಭಾವಮೈದುನ ನರಸಿಂಹಪ್ಪನನ್ನು ಎದೆಮಟ್ಟ ಹೂತಿತು. ಜೀವ ಉಳಿಯಿತು, ಎಡಗಾಲು ಮಾತ್ರ ನೆಟ್ಟಗಾಗಲೇ ಇಲ್ಲ. ಅಂದಿನಿಂದ ಪೆದ್ದಪ್ಪ ಮಣ್ಣನ್ನು ಹತ್ತು ಹೆಜ್ಜೆ ದೂರ ಸುರಿಸತೊಡಗಿದ. ಹಗ್ಗ ಹಿಡಿದವರು ಬೀಡಿ ಹಚ್ಚುವಂತಿಲ್ಲ, ದಾರಿಹೋಕರೊಡನೆ ಹರಟುವಂತಿಲ್ಲ. ನೀರು ಕಂಡರೆ ಕೂಗುವಂತಿಲ್ಲ. ಕೆಳಗಿನಿಂದ ಹಗ್ಗವನ್ನು ಎರಡು ಸಲ ಜಗ್ಗಬೇಕು, ಅಷ್ಟೆ. ಎಲ್ಲರೂ ಮೇಲೆ ಬಂದ ನಂತರವೇ ಸುದ್ದಿ. ಬೇರೆ ಮೇಸ್ತ್ರಿಗಳು "ಮೂಗ ಮೇಸ್ತ್ರಿ" ಎಂದು ನಕ್ಕರು.

೧೯೭೯ರ ಬೇಸಿಗೆ. ಕ್ಯಾಲನೂರಿನ ಕೋದಂಡರಾಮಪ್ಪನ ತೋಟದಲ್ಲಿ ತೋಡುತ್ತಿದ್ದ ಬಾವಿಯಿಂದ ತೇವದ ಮಣ್ಣು ಬರುತ್ತಿದೆಯೆಂದು ಇಪ್ಪತ್ತು ಜನ ಕಾದಿದ್ದರು. ಹಗ್ಗ ಎರಡು ಸಲ ಅಲುಗಿತು. ಕೆಳಗಿದ್ದವರು ಇಬ್ಬರು. ಪೆದ್ದಪ್ಪ ತುಟಿ ಬಿಚ್ಚದೆ ಮೊದಲು ಮುನಿರಾಮಪ್ಪನನ್ನು ಮೇಲೆಳೆಸಿದ. ಅವನ ಪಂಚೆಯಿಂದ ತೊಟ್ಟಿಕ್ಕುವ ನೀರು ಕಂಡು ಕೋದಂಡರಾಮಪ್ಪ ಕಾಯಿ ಹಿಡಿದು ನುಗ್ಗಿದ.

"ಏನಯ್ಯಾ, ನನ್ ಬಾವೀಲಿ ನೀರು ಬಿದ್ರೆ ನನ್ಗೇ ಮುಚ್ಚಿಡ್ತೀಯಾ?"

ಪೆದ್ದಪ್ಪ ಅಡ್ಡ ನಿಂತ. "ಕದಿರಪ್ಪ ಇನ್ನೂ ಒಳಗವ್ನೆ, ಸಾಮಿ. ಅವ್ನು ಬರೋಗಂಟ ಒಂದ್ ಹೆಜ್ಜೆನೂ ಮುಂದಿಡ್ಬೇಡಿ."

"ಇಟ್ರೆ ಏನ್ಲಾ ಮಾಡ್ತೀಯಾ?"

"ಬೇಕಾದ್ರೆ ನನ್ನ ಕೆಲ್ಸ ಬಿಡ್ಸಿ, ಹೋಗ್ತೀನಿ. ಆದ್ರೆ ಕದಿರಪ್ಪನ್ನ ಮೇಲೆಳ್ದು ಕರ್ಕೊಂಡೇ ಹೋಗ್ತೀನಿ."

ಹಿಂದಿನಿಂದ ಕೋದಂಡರಾಮಪ್ಪನ ತಾಯಿ ದೊಡ್ಡಗಂಗಮ್ಮನ ದನಿ ಕೇಳಿತು: "ಲೇ ಕೋದಂಡ, ಗಂಗಮ್ಮ ಎಲ್ಲಿಗೂ ಓಡೋಗಲ್ಲ ಕಣೋ! ನಿನ್ ಹೆಂಡ್ತಿ ಹೆರೋವಾಗ್ಲೂ ಹಿಂಗೇ ಬಾಗ್ಲು ತಳ್ತಿದ್ದೆ. ಅಲ್ಲೇ ಕುಕ್ಕರಿಸ್ಕೋ!"

ಜನ ಗೊಳ್ಳೆಂದು ನಕ್ಕು ನಿಂತರು. ಕದಿರಪ್ಪ ಮೈಯೆಲ್ಲ ಕೆಸರಾಗಿ ಮೇಲೆ ಬಂದ. ಮುದುಕಿ ಮಗನ ಕೈಯಿಂದ ಕಾಯಿ ಕಿತ್ತು ಕದಿರಪ್ಪನಿಗೇ ಕೊಟ್ಟು ಒಡೆಸಿದಳು.

ಎರಡು ವರ್ಷದ ನಂತರ ಕೋಲಾರದಲ್ಲಿ ಮನೆಗೆ ಪಾಯ ತೋಡಿಸುವಾಗ ಕೋದಂಡರಾಮಪ್ಪ ಕರೆಸಿದ್ದು ಪೆದ್ದಪ್ಪನನ್ನೇ. ಈಗ ಮಾಲೂರು, ಶ್ರೀನಿವಾಸಪುರದ ಮೇಸ್ತ್ರಿಗಳೂ ಹಗ್ಗ ಜಗ್ಗುವುದನ್ನು ಕಲಿತಿದ್ದಾರೆ. ನರಸಿಂಹಪ್ಪ ಹೂತ ಮೇಲಿನ ಈ ಹನ್ನೆರಡು ವರ್ಷದಲ್ಲಿ ಪೆದ್ದಪ್ಪನ ಬಾವಿಗಳಲ್ಲಿ ಒಬ್ಬನೂ ಹೂತುಹೋಗಿಲ್ಲ.

ಓದದ ಮೇಸ್ತ್ರಿಗೆ ಆದದ್ದು ಮನೆ ಕಟ್ಟಿಸುವ ನಿಮಗೆ ಆಗದೇ? ನಾಳೆ ನಿಮ್ಮ ಪಾಯದ ಸುತ್ತ ಬೇಲಿ ಕಟ್ಟಿಸಿ, ನೋಡಲು ಬಂದ ನೆಂಟರನ್ನು ಆಚೆ ನಿಲ್ಲಿಸಿ. ಅಲ್ಲಿಯವರೆಗೆ ಒಬ್ಬ ಆಳನ್ನೂ ಒಳಗಿಳಿಸಬೇಡಿ.